ಪೊರಕೆಗೂ ಹಸಿವುಂಟು

ನಾನು ಇಲ್ಲಿ ವಾದ ಹೂಡಹೊರಟಿರುವುದು ಗೇಣುದ್ದವೂ ಇಲ್ಲದ ಒಂದು ಮೀನಿನ ಪರವಾಗಿ. ದೇಶದಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯಗಳು ಬೇಕಾದಷ್ಟಿರುವಾಗ ಈ ಮನುಷ್ಯನಿಗೆ ಮೀನಿನ ಗೋಳು ಏಕೆ ಬಂತು ಎಂದು ಓದುಗರು ಹುಬ್ಬು ಗಂಟಿಕ್ಕಬಹುದು. ಗಂಟಿಕ್ಕಲಿ. ದೊಡ್ಡ ಅನ್ಯಾಯಗಳನ್ನು ಕುರಿತು ಬರೆಯಲು ದೊಡ್ಡವರಿದ್ದಾರೆ. ನಾನು ಬರೆಯುವುದು ನನ್ನ ನಡುಮನೆಯಲ್ಲಿ, ನನ್ನ ಕಣ್ಣೆದುರಿಗೆ, ನನ್ನ ಕೈಯಿಂದಲೇ ನಡೆದದ್ದನ್ನು. ಅದೇ ಅನ್ಯಾಯ ಇನ್ನೂ ಎಷ್ಟೋ ನಡುಮನೆಗಳಲ್ಲಿ, ಪಾಪಪ್ರಜ್ಞೆಯ ಸೋಂಕೂ ಇಲ್ಲದೆ, ಬಹಳ ಒಳ್ಳೆಯ ಜನರಿಂದ ನಡೆಯುತ್ತಿದೆ ಎಂಬುದು ನನಗೆ ಗೊತ್ತು. ಆದ್ದರಿಂದಲೇ ಸುಮ್ಮನಿರಲಾರದೆ ಲೇಖನಿ ಹಿಡಿದಿದ್ದೇನೆ.

ಹಿಂದೆ ನಮ್ಮ ಮನೆಗಳಲ್ಲಿ ಮೀನು ಸಾಕುವುದೆಂದರೆ ಒಂದು ಗಾಜಿನ ಬುರುಡೆ, ಅದರಲ್ಲಿ ಎರಡು ಕೆಂಪು ಮೀನು, ಒಂದು ಹಿಡಿ ಬಣ್ಣದ ಕಲ್ಲು, ಇಷ್ಟೇ. ಈಗ ಹಾಗಲ್ಲ. ಕಡಲಿನಿಂದ ನೂರಾರು ಕಿಲೋಮೀಟರು ದೂರ, ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಜನ ನಡುಮನೆಯಲ್ಲೇ ಸಮುದ್ರವನ್ನು ಕಟ್ಟುತ್ತಾರೆ. ಲೀಟರಿಗೆ 35 ಗ್ರಾಮಿನಂತೆ ಉಪ್ಪು ತೂಗಿ, ಶುದ್ಧ ಮಾಡಿದ ನೀರಿನಲ್ಲಿ ಕದಡಿ, ಪಂಪು ಹಚ್ಚಿ ಅಲೆ ಎಬ್ಬಿಸಿ, ನೀಲಿ ದೀಪ ಉರಿಸಿ, ಕಲ್ಲು ಜೋಡಿಸಿ, ಅದರೊಳಗೆ ಕಡಲ ಮೀನು ಬಿಡುತ್ತಾರೆ. ಹಣ ಬೇಕು, ತಾಳ್ಮೆ ಬೇಕು, ಸ್ವಲ್ಪ ರಸಾಯನಶಾಸ್ತ್ರವೂ ಬೇಕು. ನನಗೆ ಮೊದಲನೆಯದು ಸ್ವಲ್ಪವೂ, ಎರಡನೆಯದು ಇನ್ನೂ ಸ್ವಲ್ಪವೂ ಇತ್ತು. ಮೂರನೆಯದು ಇದೆಯೆಂಬ ಭ್ರಮೆ ಇತ್ತು. ಒಂದು ಗಣೇಶನ ಹಬ್ಬದ ಹೊತ್ತಿಗೆ ಇನ್ನೂರು ಲೀಟರಿನ ತೊಟ್ಟಿಯನ್ನು ಮನೆಗೆ ತಂದೆ.

ದಸರೆಯಲ್ಲಿ ಬೊಂಬೆ ನೋಡಲು ಬಂದವರಿಗೆಲ್ಲ ಸಮುದ್ರವನ್ನೂ ತೋರಿಸಬೇಕೆಂಬುದು ನನ್ನ ಆಸೆ. ದಸರೆಗೆ ಸರಿಯಾಗಿ ತೊಟ್ಟಿಯ ಕಲ್ಲುಗಳ ಮೇಲೆ ಕಂದು ಬಣ್ಣದ ಮಡ್ಡಿ ಕೂತಿತು. ದೀಪಾವಳಿಯ ಹೊತ್ತಿಗೆ ಕಂದು ಹೋಗಿ ಹಸಿರು ಬಂತು. ಗಾಜಿನ ಮೇಲೆ ಪೊರೆ, ಕಲ್ಲಿನ ಮೇಲೆ ಕೂದಲಿನಂಥ ಪಾಚಿ. ಹೊಸ ತೊಟ್ಟಿಗಳಿಗೆಲ್ಲ ಬರುವ ಬಾಲಗ್ರಹ ಇದು ಎಂದು ಈಗ ಬಲ್ಲೆ. ಆಗ ಮಾತ್ರ ಮಾನ ಹೋದಂತಾಯಿತು. ಅಂಗಡಿಗೆ ಓಡಿದೆ.

ಅಂಗಡಿಯವರು ನಕ್ಕರು. “ಇದಕ್ಕೆಲ್ಲ ಯಾಕ್ ಸಾರ್ ಯೋಚ್ನೆ ಮಾಡ್ತೀರಾ? ಒಂದು ಲಾನ್‌ಮೋವರ್ ಬಿಡಿ. ಹದಿನೈದು ದಿನದಲ್ಲಿ ಗಾಜು, ಕಲ್ಲು ಎಲ್ಲ ಫಳಫಳ ಅನ್ನತ್ತೆ.”

“ಅದಕ್ಕೆ ಆಹಾರ ಏನು ಹಾಕಬೇಕು?”

“ಆಹಾರ ಯಾಕ್ ಸಾರ್? ಪಾಚೀನೇ ಅದರ ಆಹಾರ. ಒಂದು ಕಾಸು ಖರ್ಚಿಲ್ಲ!”

ಖರ್ಚಿಲ್ಲವೆಂದ ಮೇಲೆ ಮಧ್ಯಮ ವರ್ಗದ ಮನುಷ್ಯ ಇನ್ನೊಂದು ಪ್ರಶ್ನೆ ಕೇಳುವುದುಂಟೆ? ಪ್ಲಾಸ್ಟಿಕ್ ಚೀಲದಲ್ಲಿ ಮೀನು ಮನೆಗೆ ಬಂತು.

ಲಾನ್‌ಮೋವರ್ ಎಂದರೆ ಹುಲ್ಲು ಕತ್ತರಿಸುವ ಯಂತ್ರ. ಈ ಹೆಸರಿನಿಂದಲೇ ನನ್ನ ತಕರಾರು ಆರಂಭವಾಗುತ್ತದೆ. ಇದು ಬ್ಲೆನಿ ಎಂಬ ಕುಟುಂಬದ ಮೀನು. ಆ ಕುಟುಂಬದಲ್ಲಿ ನಾನೂರರಷ್ಟು ಜಾತಿಗಳಿವೆ. ಬರ್ಲಿನ್ನಿನ ವೈದ್ಯ ಮಾರ್ಕಸ್ ಬ್ಲಾಕ್ ಎಂಬಾತ 1786ರಲ್ಲಿಯೇ ಈ ಜಾತಿಯನ್ನು ವಿವರಿಸಿದ. ಸಲಾರಿಯಾಸ್ ಫ್ಯಾಸಿಯೇಟಸ್ ಎಂಬುದು ಅದರ ಶಾಸ್ತ್ರೀಯ ನಾಮ. ಕೆಂಪು ಸಮುದ್ರ, ಪೂರ್ವ ಆಫ್ರಿಕದ ಕರೆಯಿಂದ ಹಿಡಿದು ಸಮೋವಾ ದ್ವೀಪಗಳವರೆಗೆ, ಹವಳದ ದಿಬ್ಬಗಳ ಆಳವಿಲ್ಲದ ನೀರಿನಲ್ಲಿ ಇದರ ವಾಸ. ಹೆಚ್ಚೆಂದರೆ 14 ಸೆಂಟಿಮೀಟರು ಬೆಳೆಯುತ್ತದೆ. ಅಂದರೆ ಮನುಷ್ಯ ಹುಲ್ಲು ಕತ್ತರಿಸುವ ಯಂತ್ರವನ್ನು ಕಲ್ಪಿಸುವುದಕ್ಕೆ ಎಷ್ಟೋ ಮೊದಲೇ ಈ ಪ್ರಾಣಿ ತನ್ನ ಪಾಡಿಗೆ ತಾನು ಬದುಕಿಕೊಂಡಿತ್ತು. ಈಗ ಅದಕ್ಕೆ ಯಂತ್ರದ ಹೆಸರು.

ನೋಡಲು ಬಣ್ಣದ ಬೆಡಗಿಲ್ಲ. ಕಂದು, ಬೂದಿ, ಹಸಿರು ಮಚ್ಚೆ. ಆದರೆ ಮುಖವೊಂದನ್ನು ನೋಡಿದವರು ಮರೆಯುವುದಿಲ್ಲ. ದಪ್ಪ ತುಟಿ, ಕಣ್ಣಿನ ಮೇಲೆ ಹುಬ್ಬಿನಂತೆ ಎರಡು ಕುಚ್ಚು, ಒಂದೊಂದು ಕಡೆಗೆ ಒಂದೊಂದಾಗಿ ತಿರುಗಬಲ್ಲ ಕಣ್ಣುಗಳು. ಸದಾ ಈಜುವ ಮೀನಲ್ಲ ಇದು. ಎದೆಯ ರೆಕ್ಕೆಗಳನ್ನು ಊರಿ ಕಲ್ಲಿನ ಮೇಲೆ ಕೂರುತ್ತದೆ. ಬೆದರಿದರೆ ಬಿಲದೊಳಗೆ ಹಿಮ್ಮೆಟ್ಟಿ ತಲೆ ಮಾತ್ರ ಹೊರಗಿಟ್ಟು ನಮ್ಮನ್ನು ಪರೀಕ್ಷಿಸುತ್ತದೆ. ಜಗಲಿಯ ಮೇಲೆ ಕೂತು ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ಅಳೆಯುವ ನಿವೃತ್ತ ಶಾನುಭೋಗರ ಗತ್ತು ಅದಕ್ಕೆ. ನಮ್ಮ ಪಶ್ಚಿಮ ಕರಾವಳಿಯ ಬಂಡೆಗಳಲ್ಲೂ ಇದರ ದಾಯಾದಿಗಳಿವೆ. ಅಲೆ ಹಿಂದೆ ಸರಿದಾಗ ಒದ್ದೆ ಬಂಡೆಯಿಂದ ಬಂಡೆಗೆ ಪುಟಿಯುವ ಪುಟ್ಟ ಮೀನುಗಳನ್ನು ಕಂಡವರಿಗೆ ನಾನು ಹೇಳುವ ಗತ್ತು ಏನೆಂದು ತಿಳಿಯುತ್ತದೆ.

ಇನ್ನು ಅದರ ಊಟ. ತುಟಿಯ ಹಿಂದೆ ಬಾಚಣಿಗೆಯಂತೆ ಸಾಲಾಗಿ ನೂರಾರು ನವಿರಾದ ಹಲ್ಲುಗಳಿವೆ, ಅಲುಗಾಡುವ ಹಲ್ಲುಗಳು. ಅದರಿಂದ ಅದು ಕಲ್ಲನ್ನು ಕೆರೆಯುತ್ತದೆ. ಕೆರೆದಾಗ ಬಾಯಿಗೆ ಬರುವುದು ಎಳೆ ಪಾಚಿ ಮಾತ್ರವಲ್ಲ. ಪಾಚಿಯ ಸಂದಿಯಲ್ಲಿ ಸೇರಿಕೊಂಡ ಕೊಳೆತ ಕಣ, ಮಡ್ಡಿ, ಸೂಕ್ಷ್ಮಜೀವಿಗಳು, ಸಣ್ಣ ಮರಳು ಎಲ್ಲವೂ. ಇಂಥ ಬ್ಲೆನಿಗಳ ಹೊಟ್ಟೆಯಲ್ಲಿ ಪಾಚಿಗಿಂತ ಈ ಮಡ್ಡಿಯ ಪಾಲು ಕಡಿಮೆಯೇನಲ್ಲವೆಂದು ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಸತ್ವ ಕಡಿಮೆಯ ಆಹಾರ. ಆದ್ದರಿಂದ ಬೆಳಗಿನಿಂದ ಸಂಜೆಯವರೆಗೆ ತಿನ್ನುತ್ತಲೇ ಇರಬೇಕು. ಹಸುವಿಗೆ ಹುಲ್ಲುಗಾವಲು ಹೇಗೋ ಹಾಗೆ ಇದಕ್ಕೆ ಬಂಡೆ. ಒಂದು ಬಂಡೆ ಬರಿದಾದರೆ ಪಕ್ಕದ್ದಕ್ಕೆ ಹೋಗುತ್ತದೆ; ಅದು ತಿರುಗಿ ಬರುವ ಹೊತ್ತಿಗೆ ಮೊದಲಿನ ಬಂಡೆ ಮತ್ತೆ ಚಿಗುರಿರುತ್ತದೆ. ಕಡಲಿನ ಸೂರ್ಯ ಅದರ ಅಡಿಗೆಯವನು.

ನನ್ನ ತೊಟ್ಟಿಯಲ್ಲಿದ್ದದ್ದು ಎಂಟು ಕಲ್ಲು, ನಾಲ್ಕು ಗಾಜು.

ಅಂಗಡಿಯವರ ಮಾತು ಸುಳ್ಳಾಗಲಿಲ್ಲ. ಮೀನು ಬಂದ ಮೂರನೆಯ ದಿನದಿಂದಲೇ ಗಾಜಿನ ಹಸಿರು ಪೊರೆಯ ಮೇಲೆ ತುಟಿಯ ಗುರುತು ಬೀಳತೊಡಗಿತು, ಯಾರೋ ಗಾಜಿಗೆ ಮುತ್ತಿಟ್ಟು ಹೋದ ಹಾಗೆ. ದಿನ ಕಳೆದಂತೆ ಕಲ್ಲುಗಳು ಬೆಳ್ಳಗಾದವು. ಸಂಕ್ರಾಂತಿಗೆ ಎಳ್ಳು ಬೀರಲು ಬಂದವರೆಲ್ಲ ತೊಟ್ಟಿಯ ಮುಂದೆ ನಿಂತು, “ಎಷ್ಟು ಚೊಕ್ಕಟವಾಗಿ ಇಟ್ಟಿದ್ದೀರಿ!” ಎಂದು ಹೊಗಳಿದರು. ಮೀನು ಆಗಲೂ ಗಾಜನ್ನು ಕೆರೆಯುತ್ತಲೇ ಇತ್ತು. “ಪಾಪ, ಒಂದು ನಿಮಿಷ ಸುಮ್ಮನೆ ಕೂರೋದಿಲ್ಲ ನೋಡಿ, ಎಂಥಾ ಕೆಲಸಗಾರ!” ಎಂದು ನಾನೇ ಅದರ ಪರಿಚಯ ಮಾಡಿಕೊಟ್ಟೆ.

ನನ್ನ ಮಗಳು ಒಂದು ದಿನ, “ಅಪ್ಪ, ಅದರ ಹೊಟ್ಟೆ ಒಳಕ್ಕೆ ಹೋಗಿದೆ” ಎಂದಳು. ನೋಡಿದೆ. ಬಂದಾಗ ಪುಟ್ಟ ಕುಡಿಕೆಯಂತಿದ್ದ ಹೊಟ್ಟೆ ಬೆನ್ನಿಗೆ ಅಂಟಿತ್ತು. ತಲೆ ದೊಡ್ಡದಾಗಿ, ಮೈ ಕಡ್ಡಿಯಾಗಿ ಕಾಣುತ್ತಿತ್ತು. ಹೌಹಾರಿ ಬೇರೆ ಮೀನುಗಳಿಗೆ ಹಾಕುವ ಕಾಳು ಹಾಕಿದೆ. ಕಾಳು ಅದರ ಮುಂದೆಯೇ ಬಿತ್ತು. ಒಂದು ಕಣ್ಣು ತಿರುಗಿಸಿ ನೋಡಿತು, ಮತ್ತೆ ಬೋಳು ಕಲ್ಲನ್ನು ಕೆರೆಯಹೋಯಿತು. ಹುಟ್ಟಿದಾರಭ್ಯ ಕಲ್ಲಿನಿಂದ ಉಂಡದ್ದಕ್ಕೆ ಮೇಲಿನಿಂದ ಬೀಳುವ ಕಾಳು ಊಟವೆಂದು ತಿಳಿಯುವುದು ಹೇಗೆ? ಪಾಲಕ್ ಸೊಪ್ಪನ್ನು ಬೇಯಿಸಿ ಕಟ್ಟಿದೆ, ಮುಟ್ಟಲಿಲ್ಲ. ಶಿವರಾತ್ರಿಗೆ ಎರಡು ದಿನವಿರುವಾಗ ಬೆಳಿಗ್ಗೆ ನೋಡಿದರೆ ಬಿಲದ ಬಾಯಲ್ಲಿ ಮಗುಚಿಕೊಂಡಿತ್ತು. ಹಬ್ಬದ ದಿನ ಮನೆಯವರೆಲ್ಲ ಉಪವಾಸವಿದ್ದೆವು. ಸಂಜೆಯಾಗುವ ಹೊತ್ತಿಗೆ ನನ್ನ ಹೊಟ್ಟೆ ಸಂಕಟಪಟ್ಟಿತು. ಆಗ, ಒಂದು ತಿಂಗಳಿಗೂ ಹೆಚ್ಚು ಕಾಲ ನನ್ನ ಮನೆಯಲ್ಲಿ ಸಂಕಲ್ಪವಿಲ್ಲದೆ ಉಪವಾಸವಿದ್ದ ಜೀವವೊಂದರ ನೆನಪಾಯಿತು. ನಾನು ಕೆಲಸವೆಂದು ಹೊಗಳಿದ್ದು ಹಸಿವನ್ನು. ಅದು ಗಾಜನ್ನು ತೊಳೆಯುತ್ತಿರಲಿಲ್ಲ, ಅನ್ನ ಹುಡುಕುತ್ತಿತ್ತು.

ಕಥೆ ಇಷ್ಟೆ. ಈಗ ವಾದಕ್ಕೆ ಬರುತ್ತೇನೆ.

ಮೀನು ಸಾಕುವವರ ಪರಿಭಾಷೆಯಲ್ಲಿ ‘ಕ್ಲೀನಪ್ ಕ್ರ್ಯೂ’ ಎಂಬ ಒಂದು ಪದವಿದೆ. ಚೊಕ್ಕಟ ಮಾಡುವ ತಂಡವೆಂದು ಅರ್ಥ. ಬಸವನಹುಳು, ಸಂನ್ಯಾಸಿ ಏಡಿ, ಸೀಗಡಿ, ಈ ಬ್ಲೆನಿ ಎಲ್ಲವೂ ಅದರ ಸದಸ್ಯರು. ಇವನ್ನು ಪ್ರಾಣಿಗಳೆಂದು ಯಾರೂ ಕೊಳ್ಳುವುದಿಲ್ಲ. ಪೊರಕೆ, ಬ್ರಷ್ಷು, ಮೊರಗಳೆಂದು ಕೊಳ್ಳುತ್ತಾರೆ. ಈ ಪೊರಕೆಗೆ ಹೊಟ್ಟೆ ಇದೆಯೆಂಬುದನ್ನು ಅಂಗಡಿಯವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಮನೆಕೆಲಸದವರಿಗಾದರೂ ಕೆಲಸ ಬೇರೆ, ಸಂಬಳ ಬೇರೆ. ಇಂದು ಪಾತ್ರೆ ಕಡಿಮೆ ಇದ್ದರೆ ಸಂಬಳ ಕಡಿಮೆಯಾಗುವುದಿಲ್ಲ. ಈ ಮೀನಿನ ನೌಕರಿಯಲ್ಲಿ ಕೆಲಸವೇ ಸಂಬಳ. ಚೆನ್ನಾಗಿ ದುಡಿದಷ್ಟೂ ಊಟ ಬೇಗ ಮುಗಿಯುತ್ತದೆ. ಮುಗಿದ ದಿನ ಯಜಮಾನ ಸಂತೋಷದಿಂದ ತೊಟ್ಟಿಯ ಚಿತ್ರ ತೆಗೆದು ಸ್ನೇಹಿತರಿಗೆ ಕಳುಹಿಸುತ್ತಾನೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನಮ್ಮದು. ಆದರೆ ಗಾದೆಯ ಅಂಬಿಗ ಕೊನೆಗೆ ತನ್ನ ದೋಣಿಯಲ್ಲಿ ಮನೆಗಾದರೂ ಹೋಗಬಹುದು.

ಇಷ್ಟಾಗಿ ಈ ನೇಮಕದಿಂದ ಕೆಲಸವಾದರೂ ಆಗುತ್ತದೆಯೆ? ನನ್ನ ಎರಡನೆಯ ತಕರಾರು ಇಲ್ಲಿದೆ. ಪಾಚಿ ಆಕಾಶದಿಂದ ಬೀಳುವುದಿಲ್ಲ. ಅದಕ್ಕೆ ಬೇಕಾದದ್ದು ಬೆಳಕು, ಮತ್ತು ನೀರಿನಲ್ಲಿ ಕರಗಿದ ನೈಟ್ರೇಟು, ಫಾಸ್ಫೇಟುಗಳೆಂಬ ಗೊಬ್ಬರ. ಈ ಗೊಬ್ಬರ ಹಾಕಿದವರು ಯಾರು? ನಾವೇ. ಮೀನು ಒಂದು ಚಿಟಿಕೆ ತಿನ್ನುವಲ್ಲಿ ಮೂರು ಚಿಟಿಕೆ ಹಾಕುತ್ತೇವೆ. ಮಿಕ್ಕದ್ದು ಕೊಳೆತು ಅಮೋನಿಯವಾಗಿ, ಅದನ್ನು ಸೂಕ್ಷ್ಮಾಣುಗಳು ನೈಟ್ರೈಟಾಗಿ, ನೈಟ್ರೇಟಾಗಿ ಮಾಡುತ್ತವೆ. ಶುದ್ಧೀಕರಿಸದ ಬೋರ್‌ವೆಲ್ ನೀರು ಸುರಿದರೆ ಅದರಲ್ಲಿಯೂ ನೈಟ್ರೇಟ್ ಬರಬಹುದು. ದೀಪವನ್ನು ಅತಿಥಿಗಳ ಸಂತೋಷಕ್ಕಾಗಿ ರಾತ್ರಿ ಹನ್ನೊಂದರವರೆಗೆ ಉರಿಸುತ್ತೇವೆ. ಗದ್ದೆಗೆ ನೀರು, ಗೊಬ್ಬರ, ಬಿಸಿಲು ಮೂರನ್ನೂ ಧಾರಾಳವಾಗಿ ಕೊಟ್ಟು, ಕಳೆ ಬೆಳೆಯಿತೆಂದು ಗೋಳಿಡುವವರು ನಾವು.

ಆಗ ಮೀನು ತಂದು ಬಿಡುತ್ತೇವೆ. ಮೀನು ಪಾಚಿಯನ್ನು ತಿನ್ನುತ್ತದೆ, ನಿಜ. ತಿಂದದ್ದು ಎಲ್ಲಿ ಹೋಗುತ್ತದೆ? ಒಂದು ಪಾಲು ಅದರ ಮೈಗೆ ಸೇರುತ್ತದೆ. ಉಳಿದದ್ದು ಹಿಕ್ಕೆಯಾಗಿ, ಅಮೋನಿಯವಾಗಿ ಅದೇ ನೀರಿಗೆ ಮರಳುತ್ತದೆ. ತೊಟ್ಟಿಯೊಳಗಿನ ಗೊಬ್ಬರ ತೊಟ್ಟಿಯಲ್ಲೇ ಉಳಿಯಿತು; ಕಣ್ಣಿಗೆ ಮಾತ್ರ ಕಾಣದಾಯಿತು. ನಡುಮನೆಯ ಕಸವನ್ನು ಗುಡಿಸಿ ಮಂಚದ ಕೆಳಗೆ ತಳ್ಳಿದರೆ ಅದು ಚೊಕ್ಕಟತನವೆ? ಗೊಬ್ಬರ ನಿಜವಾಗಿ ಹೊರಗೆ ಹೋಗಬೇಕಾದರೆ ಮನುಷ್ಯನ ಕೈ ಒದ್ದೆಯಾಗಬೇಕು. ಪಾಚಿಯನ್ನು ಕಿತ್ತು ಹೊರಗೆ ಎಸೆಯಬೇಕು. ಇನ್ನೂರು ಲೀಟರಿನ ತೊಟ್ಟಿಯಲ್ಲಿ ವಾರಕ್ಕೆ ಇಪ್ಪತ್ತು ಲೀಟರು ಹಳೆಯ ನೀರು ತೆಗೆದು, 700 ಗ್ರಾಮು ಉಪ್ಪು ಕದಡಿದ ಹೊಸ ನೀರು ತುಂಬಬೇಕು. ಊಟ ಹಾಕುವ ಕೈಗೆ ಕಡಿವಾಣ ಬೇಕು. ಇಷ್ಟು ಮಾಡಿದವನಿಗೆ ಮೀನಿನ ಚಾಕರಿ ಬೇಕಿಲ್ಲ. ಇಷ್ಟು ಮಾಡಲಾರದವನ ತೊಟ್ಟಿಯನ್ನು ಯಾವ ಮೀನೂ ಉದ್ಧಾರ ಮಾಡಲಾರದು.

ಅಲ್ಲದೆ ಎಲ್ಲ ಪಾಚಿಯನ್ನೂ ಅದು ತಿನ್ನುವುದಿಲ್ಲ. ಗಾಜಿನ ಪೊರೆ, ಎಳೆಯ ಕೂದಲು ಪಾಚಿ ಅದಕ್ಕೆ ಇಷ್ಟ. ಉದ್ದಕ್ಕೆ ಬೆಳೆದ ಜಡೆಯನ್ನು ಮೂಸಿಯೂ ನೋಡದಿರಬಹುದು. ಕಲ್ಲಿನ ಮೇಲೆ ಕಂಬಳಿ ಹಾಸಿದಂತೆ ಬೆಳೆಯುವ ಕೆಂಪು ಲೋಳೆಯಂತೂ ಪಾಚಿಯೇ ಅಲ್ಲ, ಒಂದು ಬಗೆಯ ಬ್ಯಾಕ್ಟೀರಿಯ. ಅದನ್ನು ಈ ಮೀನು ಮುಟ್ಟುವುದಿಲ್ಲ. ಆಗ ಯಜಮಾನ ಏನು ಮಾಡುತ್ತಾನೆ? ಬ್ಲೆನಿ ತಿನ್ನದ್ದಕ್ಕೆ ಬಸವನಹುಳು, ಹುಳು ತಿನ್ನದ್ದಕ್ಕೆ ಏಡಿ, ಏಡಿ ಬಿಟ್ಟದ್ದಕ್ಕೆ ಇನ್ನೊಂದು ಮೀನು. ಕೌಪೀನವನ್ನು ಇಲಿ ಕಡಿಯಿತೆಂದು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಕಟ್ಟಿ, ಹಸುವನ್ನು ನೋಡಿಕೊಳ್ಳಲು ಮದುವೆಯಾದ ಸಂನ್ಯಾಸಿಯ ಕಥೆಯನ್ನು ನಾವು ಅಜ್ಜಿಯಿಂದ ಕೇಳಿದ್ದೇವೆ. ಆ ಸಂನ್ಯಾಸಿಗಾದರೂ ಕೊನೆಯಲ್ಲಿ ಒಂದು ಸಂಸಾರ ಸಿಕ್ಕಿತು. ನಮಗೆ ಸಿಗುವುದು ಸಾಲುಸಾಲಾಗಿ ಹಸಿದ ಹೊಟ್ಟೆಗಳು, ಮತ್ತು ಅವುಗಳ ಹಿಕ್ಕೆಯಿಂದ ಇನ್ನಷ್ಟು ಗೊಬ್ಬರ.

ಈ ಮೀನು ಎಲ್ಲಿಂದ ಬಂತೆಂಬುದನ್ನೂ ಸ್ವಲ್ಪ ಯೋಚಿಸಬೇಕು. ಕೆರೆಯ ನೀರಿನ ಮೀನುಗಳಲ್ಲಿ ಬಹಳಷ್ಟನ್ನು ಕೊಳಗಳಲ್ಲಿ ಮರಿಮಾಡಿ ಮಾರುತ್ತಾರೆ. ಕಡಲಿನ ಮೀನುಗಳ ವಿಷಯ ಹಾಗಲ್ಲ. ಮಾರಾಟಕ್ಕೆ ಬರುವ ಜಾತಿಗಳಲ್ಲಿ ಬಹುಪಾಲನ್ನು ಸಮುದ್ರದಿಂದಲೇ ಹಿಡಿಯುತ್ತಾರೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2003ರಲ್ಲಿ ಪ್ರಕಟಿಸಿದ ವರದಿಯೊಂದರ ಪ್ರಕಾರ ಜಗತ್ತಿನಲ್ಲಿ ಆಗ ವರ್ಷಕ್ಕೆ 2 ಕೋಟಿಯಿಂದ 2 ಕೋಟಿ 40 ಲಕ್ಷದಷ್ಟು ಕಡಲ ಮೀನುಗಳು ಅಲಂಕಾರಕ್ಕಾಗಿ ಮಾರಾಟವಾಗುತ್ತಿದ್ದವು, 1,471 ಜಾತಿಗಳು. ಫಿಲಿಪೀನ್ಸ್‌ನಲ್ಲಿ 1960ರ ದಶಕದಿಂದ ಬಂಡೆಯ ಸಂದಿಗೆ ಸಯನೈಡ್ ಚಿಮ್ಮಿಸಿ ಮೀನಿಗೆ ಮಂಪರು ಬರಿಸಿ ಹಿಡಿಯುವ ಘೋರ ಪದ್ಧತಿಯೂ ಬೆಳೆಯಿತು. ನನ್ನ ಮೀನನ್ನು ಹೇಗೆ ಹಿಡಿದರೋ, ಎಷ್ಟು ಚೀಲ ದಾಟಿ ಬಂತೋ, ನಾನು ಕೇಳಲಿಲ್ಲ. ಸಾವಿರಾರು ಮೈಲಿ ಪ್ರಯಾಣ ಮಾಡಿ ಬಂದ ಜೀವಕ್ಕೆ ನಾನು ಒಪ್ಪಿಸಿದ ಕೆಲಸ ಒಂದು ಚೂರು ಸ್ಪಂಜಿನಿಂದ ಹತ್ತು ನಿಮಿಷದಲ್ಲಿ ಮುಗಿಯುವಂಥದು.

ಈ ಹವ್ಯಾಸದ ಮೂಲಪುರುಷನಿಗೇ ಇಂಥ ಪಶ್ಚಾತ್ತಾಪ ಆದದ್ದುಂಟು. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞ ಡೆವನ್ ಪ್ರಾಂತ್ಯದ ಕಡಲ ತೀರದ ಬಂಡೆಗುಂಡಿಗಳಲ್ಲಿ ಕಂಡ ಜೀವಿಗಳನ್ನು ವರ್ಣಿಸಿ 1853ರಲ್ಲಿ ಒಂದು ಪುಸ್ತಕ ಬರೆದ. ಮಾರನೆಯ ವರ್ಷ ‘ದಿ ಅಕ್ವೇರಿಯಂ’ ಎಂಬ ಇನ್ನೊಂದನ್ನು ಬರೆದು ಕಡಲ ನೀರಿನ ತೊಟ್ಟಿಯನ್ನು ಮನೆಮಾತು ಮಾಡಿದ. ಅದೇ ಕಾಲದಲ್ಲಿ, 1853ರಲ್ಲಿ, ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನಿನ ಮನೆಯೂ ತೆರೆಯಿತು. ಪುಸ್ತಕ ಓದಿದ ಜನ ಬುಟ್ಟಿ, ಬಲೆ ಹಿಡಿದು ಕಡಲ ಕಡೆಗೆ ನುಗ್ಗಿದರು. ಗಾಸನ ಮಗ ಎಡ್ಮಂಡ್ 1907ರಲ್ಲಿ ತಂದೆಯ ಕಥೆ ಬರೆದಾಗ, ಆ ಬಂಡೆಗುಂಡಿಗಳು ಸಂಗ್ರಾಹಕರ ದಂಡಿನಿಂದ ಹೇಗೆ ಬರಿದಾದವು, ತನ್ನ ಪುಸ್ತಕಗಳೇ ಅದಕ್ಕೆ ಕಾರಣವಾದವೆಂದು ತಂದೆ ಎಷ್ಟು ನೊಂದ ಎಂಬುದನ್ನು ದಾಖಲಿಸಿದ್ದಾನೆ. ಪ್ರೀತಿಯಿಂದ ಆರಂಭವಾದ ಹವ್ಯಾಸ ಒಂದು ತಲೆಮಾರು ಕಳೆಯುವುದರೊಳಗೆ ಲೂಟಿಯಾಯಿತು. ನಮ್ಮ ಪುಣ್ಯವೆಂದರೆ, ನಮಗೆ ಬುಟ್ಟಿ ಹಿಡಿದು ಕಡಲಿಗೆ ಇಳಿಯುವ ಶ್ರಮವೂ ಇಲ್ಲ; ಅಂಗಡಿಗೆ ಹೋದರೆ ಸಾಕು.

ನನ್ನ ವಾದ ಕೇಳಿ ಕೆಲವರು ನಗುತ್ತಾರೆ. ಮಂಗಳೂರಿನ ಕಡೆಯ ಸ್ನೇಹಿತರೊಬ್ಬರು, “ಮಾರಾಯ್ರೆ, ನಾವು ದಿನಾ ಬಂಗುಡೆ, ಬೂತಾಯಿ ತಿನ್ನುತ್ತೇವೆ. ನೀವು ಒಂದು ಪಾಚಿ ಮೀನಿಗೆ ತಿಥಿ ಮಾಡುತ್ತಾ ಕೂತಿದ್ದೀರಲ್ಲ!” ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಆದರೆ ತಿನ್ನಲು ಮೀನು ಹಿಡಿಯುವವನು ತಾನು ಕೊಲ್ಲುತ್ತಿದ್ದೇನೆಂದು ಬಲ್ಲ, ಬೇಗ ಕೊಲ್ಲುತ್ತಾನೆ, ಅದಕ್ಕೆ ಬೇರೆ ಹೆಸರಿಡುವುದಿಲ್ಲ. ನಾವು ತಿಂಗಳುಗಟ್ಟಲೆ ಹಸಿವಿನಿಂದ ಕೊಂದು ‘ಸಾಕುತ್ತಿದ್ದೇವೆ’ ಎನ್ನುತ್ತೇವೆ. ನನ್ನ ಜಗಳ ಆ ಕ್ರಿಯಾಪದದ ಜೊತೆಗೆ. ಸಾಕುವುದು ಎಂಬ ಮಾತನ್ನು ಕನ್ನಡಿಗರು ಹಗುರಾಗಿ ಆಡುವುದಿಲ್ಲ. ಸಾಕಿದವರು, ಸಾಕುಮಗ, ಸಾಕುತಾಯಿ; ಈ ಮಾತುಗಳಿಗೆಲ್ಲ ಅನ್ನದ ಋಣ ಅಂಟಿಕೊಂಡಿದೆ. ಅನ್ನ ಹಾಕದವನು ಸಾಕಿದವನಾಗುವುದು ಯಾವ ನಿಘಂಟಿನಲ್ಲಿ?

ಇನ್ನು ಕೆಲವರು, “ಹಾಗಾದರೆ ಈ ಹವ್ಯಾಸವನ್ನೇ ನಿಷೇಧಿಸಬೇಕು” ಎನ್ನುತ್ತಾರೆ. ನಾನು ಅವರ ಪಕ್ಷದವನೂ ಅಲ್ಲ. 2017ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಕ್ವೇರಿಯಂ ಅಂಗಡಿಗಳಿಗೆ ಕಟ್ಟುನಿಟ್ಟಿನ ನಿಯಮಗಳನ್ನು ಹೊರಡಿಸಿತು. ಗದ್ದಲವೆದ್ದು ಆ ನಿಯಮಗಳನ್ನು ಸರ್ಕಾರವೇ ಹಿಂತೆಗೆದುಕೊಂಡಿತು. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಪಟ್ಟಿಗೆ ಸೇರಿಸಿದ್ದು ಒಳ್ಳೆಯ ಕೆಲಸ. ಆದರೆ ಹೊಟ್ಟೆ ತುಂಬಿದೆಯೋ ಇಲ್ಲವೋ ಎಂದು ನೋಡಲು ಯಾವ ಕಾಯ್ದೆಯ ಇನ್‌ಸ್ಪೆಕ್ಟರೂ ನಮ್ಮ ನಡುಮನೆಗೆ ಬರುವುದಿಲ್ಲ. ನಮ್ಮ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ; ಅಂಥ ಮರಿಗಳು ತೊಟ್ಟಿಯ ಆಹಾರಕ್ಕೆ ಹುಟ್ಟಿನಿಂದಲೇ ಒಗ್ಗಿರುತ್ತವೆ. ಕಡಲನ್ನು ಮನೆಯಲ್ಲಿ ಕಾಣಬೇಕೆಂಬ ಆಸೆಗೆ ಅದು ಸಭ್ಯವಾದ ದಾರಿ. ಆಸೆ ತಪ್ಪಲ್ಲ. ಕಡಲು ಕಾಣದ ಊರಿನ ಮಗುವೊಂದು ಗಾಜಿಗೆ ಮೂಗು ಒತ್ತಿ ನಿಂತು ಮೀನಿನ ಹೊಟ್ಟೆ ಒಳಕ್ಕೆ ಹೋದದ್ದನ್ನು ಅಪ್ಪನಿಗಿಂತ ಮೊದಲು ಕಂಡುಹಿಡಿಯುತ್ತದಲ್ಲ, ಅದೇನು ಸಣ್ಣ ಲಾಭವೆ?

ನಾನು ಕೇಳುವುದು ಬಹಳ ಕಡಿಮೆ. ಬ್ಲೆನಿಯನ್ನು ಪಾಚಿಗೆ ಮದ್ದೆಂದು ಮಾರಬೇಡಿ. ಹಾಗೆಂದು ಕೊಳ್ಳಲೂ ಬೇಡಿ. ಅದು ಬೇಕೆನಿಸಿದರೆ ಅದಕ್ಕಾಗಿಯೇ, ಆ ಮುಖಕ್ಕಾಗಿ, ಆ ಗತ್ತಿಗಾಗಿ ಕೊಳ್ಳಿ. ತೊಟ್ಟಿಗೆ ಆರು ತಿಂಗಳಾದರೂ ತುಂಬಿರಲಿ. ನೂರಿಪ್ಪತ್ತು ಲೀಟರಿಗಿಂತ ಚಿಕ್ಕದಾಗದಿರಲಿ. ಒಂದು ತೊಟ್ಟಿಗೆ ಒಂದೇ ಸಾಕು. ಎರಡಿದ್ದರೆ ಬಿಲಕ್ಕಾಗಿ ಕಾದಾಟ. ಮೇಲೆ ಬಲೆಯ ಮುಚ್ಚಳವಿರಲಿ. ಇದು ನೆಗೆಯುವ ಜಾತಿ. ಕೊಳ್ಳುವ ಮುಂಚೆ ಅಂಗಡಿಯಲ್ಲಿ, ನಿಮ್ಮ ಕಣ್ಣೆದುರಿಗೆ, ಅದು ಹಾಕಿದ ಆಹಾರವನ್ನು ತಿನ್ನುವುದನ್ನು ತೋರಿಸೆನ್ನಿ. ಬದನೆಕಾಯಿಯನ್ನು ತಿರುಗಿಸಿ ಮುರುಗಿಸಿ ನೋಡದೆ ಚೀಲಕ್ಕೆ ಹಾಕದ ನಾವು ಜೀವವೊಂದನ್ನು ಹೀಗೆ ನೋಡಿ ಕೊಳ್ಳುವುದರಲ್ಲಿ ಅವಮಾನವೇನು? ತಿನ್ನದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವ ಮಾತನ್ನೂ ಅಂಗಡಿಯವರಿಂದ ಪಡೆಯಿರಿ. ಇನ್ನು ಗಾಜು ಒರೆಸುವ ಕೆಲಸ, ಅದು ನಿಮ್ಮದು.

ಇದೆಲ್ಲ ಆಗದ ಮಾತಲ್ಲ ಎಂಬುದಕ್ಕೆ ಒಂದು ಸಾಕ್ಷಿ ಹೇಳಿ ಮುಗಿಸುತ್ತೇನೆ. ನನ್ನ ಮೀನು ಸತ್ತ ವರ್ಷವೇ ನಮ್ಮ ಮೇಲಿನ ಮಹಡಿಯವರ ತೊಟ್ಟಿಯಲ್ಲಿ ಇನ್ನೊಂದು ಬ್ಲೆನಿ ಸೊರಗಿತ್ತು. ಅವರ ತೊಟ್ಟಿ ಕನ್ನಡಿಯಂತೆ ಚೊಕ್ಕಟ. ಮೀನಿನ ಹೊಟ್ಟೆಯೂ ಹಾಗೆಯೇ ಖಾಲಿ. ಬೇಡಿ ತಂದೆ. ಅಷ್ಟು ಹೊತ್ತಿಗೆ ನಾನು ಬುದ್ಧಿ ಕಲಿತಿದ್ದೆ. ಕಿಟಕಿಯ ಬಿಸಿಲಿನಲ್ಲಿ ಒಂದು ಗಾಜಿನ ಜಾಡಿ, ಅದರಲ್ಲಿ ತೊಟ್ಟಿಯಿಂದ ತೆಗೆದ ಹಳೆಯ ಉಪ್ಪುನೀರು, ನಾಲ್ಕು ಕಲ್ಲು ಇಟ್ಟಿದ್ದೆ. ಅವು ಹಸಿರಾಗಿ ಕೂದಲು ಬಿಟ್ಟಿದ್ದವು. ಒಂದೊಂದಾಗಿ ತೊಟ್ಟಿಗೆ ಇಟ್ಟು, ಬರಿದಾದದ್ದನ್ನು ಜಾಡಿಗೆ ಮರಳಿಸಿದೆ. ಆ ಹಸಿರು ಕಲ್ಲಿಗೇ ನೋರಿ ಎಂಬ ಒಣಗಿದ ಕಡಲಪಾಚಿಯ ಹಾಳೆಯನ್ನು ರಬ್ಬರ್ ಬಳೆಯಿಂದ ಬಿಗಿದೆ. ಜಪಾನೀಯರು ಅನ್ನ ಸುತ್ತಿ ತಿನ್ನುವ ಹಾಳೆ ಅದು; ಈಗ ನಮ್ಮ ದೊಡ್ಡ ಅಂಗಡಿಗಳಲ್ಲೂ ಸಿಗುತ್ತದೆ. ಹತ್ತು ದಿನ ಅದು ಹಾಳೆಯ ಸುತ್ತ ಕೆರೆದು ಹಾಳೆಯನ್ನು ಬಿಟ್ಟಿತು. ಹನ್ನೊಂದನೆಯ ದಿನ ಅಂಚನ್ನು ಕಚ್ಚಿ ಎಳೆಯಿತು. ಆಮೇಲೆ ಸ್ಪಿರುಲಿನ ಬೆರೆಸಿದ ಕಾಳಿಗೂ ಬಂತು. ಈಗ ಹೊಟ್ಟೆ ಕುಡಿಕೆಯಾಗಿದೆ. ಅದು ಒಂದು ತುದಿಯಿಂದ ಇನ್ನೊಂದು ತುದಿಗೆ ನಡುಮನೆಯ ವ್ಯವಹಾರವನ್ನೆಲ್ಲ ಗಮನಿಸುತ್ತ ಕೂತಿರುತ್ತದೆ.

ಮುಂದಿನ ಗಾಜನ್ನು ವಾರಕ್ಕೆರಡು ಸಲ ನಾನೇ ಒರೆಸುತ್ತೇನೆ. ಹಿಂದಿನ ಗಾಜನ್ನು ಮುಟ್ಟುವುದಿಲ್ಲ. ಮನೆಗೆ ಬಂದವರು ಈಗ ಮೊದಲಿನಂತೆ ಹೊಗಳುವುದಿಲ್ಲ, “ಹಿಂದುಗಡೆ ಸ್ವಲ್ಪ ಗಲೀಜಾಗಿದೆಯಲ್ಲ?” ಎನ್ನುತ್ತಾರೆ. “ಅದು ಗಲೀಜಲ್ಲ, ನಾಳೆಯ ಊಟ” ಎಂದು ನನ್ನ ಮಗಳು ಉತ್ತರ ಕೊಡುತ್ತಾಳೆ.